ಗೋಡೆಯಾಚೆಗೂ ಕಿವಿ ಇಡುವ ಕಾಂತರಾಜು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ದೀಪಾಂಜಲಿ ನಗರದ ಅಡ್ಡರಸ್ತೆಯೊಂದರ ಸಮುದಾಯ ಭವನದಲ್ಲಿ ಐವತ್ತೆಂಟು ವರ್ಷದ ಮನುಷ್ಯರೊಬ್ಬರು ಮಂಡಿಯೂರಿ, ಗೋಡೆಯಂಚಿಗೆ ಅಂಬೆಗಾಲಿಡುತ್ತ ಹೋಗುತ್ತಿದ್ದಾರೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ತಲೆ ತಗ್ಗಿಸಿ, ಏನನ್ನೋ ಕೇಳಿಸಿಕೊಳ್ಳುತ್ತಾರೆ. ಕಸ ಗುಡಿಸಲು ಬಂದಾಕೆ ಪೊರಕೆ ಹಿಡಿದು ನಿಂತೇಬಿಟ್ಟಿದ್ದಾರೆ.

"ಏನ್ ಕಳ್ಕೊಂಡ್ರಿ ಅಣ್ಣ? ಉಂಗುರಾನಾ?"

"ಏನೂ ಕಳ್ಕೊಂಡಿಲ್ಲಮ್ಮ. ಪೆಟ್ಟಿಗೆ ಇಡಕ್ಕೆ ಜಾಗ ನೋಡ್ತಾ ಇದೀನಿ."

ಇವರು ಕಾಂತರಾಜು. ಬಾಪೂಜಿ ನಗರದ ಬಾಡಿಗೆ ಮನೆಯಲ್ಲಿ ವಾಸ. ರಾಜಾಜಿನಗರದ ಸೌಂಡ್ ಸಿಸ್ಟಂ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷಗಳಿಂದ ಕೆಲಸ. ಸಣ್ಣ ಸಭಾಂಗಣ, ಸಣ್ಣ ಹಾಡುಗಾರಿಕೆ, ನಾಮಕರಣದ ಆರ್ಕೆಸ್ಟ್ರಾ, ಇವೇ ಇವರ ಪಾಲಿಗೆ ಬರುವ ಕಾರ್ಯಕ್ರಮಗಳು. ಹಾಡುವವರ ದನಿ ಬರುವ, ಸ್ಟ್ಯಾಂಡಿನ ಮೇಲಿನ ಸ್ಪೀಕರ್ ಎಲ್ಲರಿಗೂ ಕಾಣುತ್ತದೆ. ಅದರ ಕೆಳಗೆ ನೆಲದಲ್ಲಿ ಕೂತು, ತಬಲಾದ ಎಡಗೈಯ ಗುಂಕಾರವನ್ನೂ ರಿದಂ ಪ್ಯಾಡಿನ ದಪ್ಪ ಸದ್ದನ್ನೂ ಹೊರುವ ಕಪ್ಪು ಪೆಟ್ಟಿಗೆಯನ್ನು ಯಾರೂ ನೋಡುವುದಿಲ್ಲ. ಅದು ಸಬ್ ವೂಫರ್. ಈಗಿನವಕ್ಕೆ ಆಂಪ್ಲಿಫೈಯರ್ ಹೊಟ್ಟೆಯೊಳಗೇ ಇರುತ್ತದೆ, ಹಾಗಾಗಿ ಪವರ್ಡ್ ಸಬ್ ಎನ್ನುತ್ತಾರೆ. ಯಾವ ಹಾಲಿಗೆ ಯಾವ ಸಬ್, ಎಲ್ಲಿಡಬೇಕು ಎಂದು ಹೇಳುವುದು ಕಾಂತರಾಜು ಕೆಲಸ. ಹೊರುವುದೂ ಅವರದೇ.

ಇವತ್ತು ಲಗೇಜ್ ಆಟೋದಲ್ಲಿ ಎರಡು ಪೆಟ್ಟಿಗೆ ಬಂದಿವೆ. ಒಂದರೊಳಗಿನ ಸ್ಪೀಕರ್ ಹದಿನೆಂಟು ಇಂಚಿನದು, ತೂಕ ನಲವತ್ತೆಂಟು ಕಿಲೋ. ಇನ್ನೊಂದು ಹನ್ನೆರಡು ಇಂಚು, ಇಪ್ಪತ್ತಾರು ಕಿಲೋ. ಎರಡರಲ್ಲಿ ಒಂದನ್ನು ಭವನದ ಸಮಿತಿ ಕೊಂಡು ಇಲ್ಲೇ ಇಟ್ಟುಕೊಳ್ಳುತ್ತದೆ. ಆರಿಸಬೇಕಾದವರು ಕಾಂತರಾಜು, ಮತ್ತು ಈ ಸಲ ಅವರು ತಪ್ಪುವ ಹಾಗಿಲ್ಲ.

ಏಕೆಂದರೆ ಕಳೆದ ತಿಂಗಳು ತಪ್ಪಿದ್ದರು. ಬ್ಯಾಂಕ್ ಉದ್ಯೋಗಿ ಶಿವರಂಜನಿ ಮತ್ತು ಅವರ ಗೆಳತಿಯರು ಒಂಬತ್ತು ವರ್ಷಗಳಿಂದ ತಿಂಗಳ ಮೊದಲ ಭಾನುವಾರ ಇಲ್ಲಿ ವಚನ, ಭಾವಗೀತೆ ಹಾಡುತ್ತಾರೆ. ಕಳೆದ ತಿಂಗಳು ಅವರು ಹಾಡುವಾಗ ಪೆಟ್ಟಿಗೆಯ ಸದ್ದಿಗೆ ಗೋಡೆ ನಡುಗಿ, ಭವನಕ್ಕೆ ಅಂಟಿಕೊಂಡಿರುವ ಮನೆಯಲ್ಲಿ ಎಂಬತ್ತನಾಲ್ಕರ ಗಿರಿಜಾದೇವಿಯವರ ಅಡುಗೆಮನೆಯ ಲೋಟಗಳು ಶೆಲ್ಫಿನಿಂದ ಉರುಳಿದವು. ಅವರು ಮಧ್ಯಾಹ್ನದವರೆಗೂ ಎದೆ ಹಿಡಿದು ಕೂತರು. ಮನೆಯವರು ದೂರು ಕೊಟ್ಟರು. ಇನ್ನೊಂದು ದೂರು ಬಂದರೆ ಭವನದಲ್ಲಿ ಹಾಡೇ ಬೇಡ ಎಂದು ಸಮಿತಿ ತೀರ್ಮಾನಿಸಿದೆ.

ಅವರ ಬಗ್ಗೆ ಬರೆಯಲು ಬಂದ ನನ್ನೆದುರು ಕಾಂತರಾಜು ತಪ್ಪನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ. "ತಪ್ಪು ನಂದೇ ಸಾರ್. ಅವತ್ತು ಮಂಡಿ ತುಂಬಾ ನೋಯ್ತಿತ್ತು. ಬಾಗಿಲ ಪಕ್ಕದ ಮೂಲೇಲೇ ಇಟ್ಬಿಟ್ಟೆ, ಅಜ್ಜಿ ಮನೆ ಗೋಡೆಯಿಂದ ಆ ಕಡೆಗೆ ಹೊತ್ಕೊಂಡು ಹೋಗಕ್ಕೆ ಆಗ್ಲಿಲ್ಲ. ಮೂಲೇಲಿಟ್ರೆ ಸೌಂಡ್ ಊದ್ಕೊಳತ್ತೆ. ಗೊತ್ತಿತ್ತು. ಗೊತ್ತಿದ್ದೂ ಇಟ್ಟೆ."

 

ಮಂಡಿ ಹೋಗಿದ್ದು ವಿಜಯನಗರದ ಮೊದಲ ಮಹಡಿಯ ಹಾಲೊಂದರ ಮೆಟ್ಟಿಲ ಮೇಲೆ. ಅಲ್ಲಿನ ಲಿಫ್ಟಿನಲ್ಲಿ ಸಾಮಾನು ಹಾಕುವಂತಿರಲಿಲ್ಲ. ಪೆಟ್ಟಿಗೆ ಎದೆಗೆ ಒರಗಿತು, ಕಾಲು ಜಾರಿತು. ಎರಡು ತಿಂಗಳು ಮನೆಯಲ್ಲಿದ್ದು ಮೂರನೆಯ ತಿಂಗಳು ಮತ್ತೆ ಹೊರಲು ಬಂದರು. ತಿಂಗಳಿಗೆ ಸುಮಾರು ಇಪ್ಪತ್ತು ಕಾರ್ಯಕ್ರಮ; ಒಂದೊಂದರಲ್ಲೂ ಪೆಟ್ಟಿಗೆಯನ್ನು ಕಡಿಮೆಯೆಂದರೆ ನಾಲ್ಕು ಸಲ ಎತ್ತಬೇಕು, ನಾಲ್ಕು ಸಲ ಇಳಿಸಬೇಕು. ಈ ಲೆಕ್ಕ ನಾನು ಹಾಕಿದ್ದು. ಅವರು ಹಾಕಿಲ್ಲ, ಹಾಕಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದರೇನೋ.

ಪಶ್ಚಿಮ ಬೆಂಗಳೂರಿನ ಹಾಲುಗಳೆಲ್ಲ ಅವರಿಗೆ ಬಾಯಿಪಾಠ. "ಲಗ್ಗೆರೇಲಿ ಒಂದು ಶೀಟಿನ ಹಾಲಿದೆ, ಅಲ್ಲಿ ಸ್ವಲ್ಪ ಏರಿಸಿದ್ರೂ ಮೇಲೆ ಶೀಟು ಮಾತಾಡತ್ತೆ. ಕೆಂಗೇರೀದು ಉದ್ದ, ಅಲ್ಲಿ ಹದಿನೆಂಟೇ ಬೇಕು. ಬಸವೇಶ್ವರನಗರದಲ್ಲಿ ಒಂದಿದೆ, ಎಂಥಾ ಡಬ್ಬಾ ಇಟ್ರೂ ಚೆನ್ನಾಗಿ ಕೇಳತ್ತೆ. ಅದನ್ನ ಕಟ್ಟಿದ ಮೇಸ್ತ್ರೀಗೆ ಪುಣ್ಯ ಬರ್ಲಿ."

ಇಷ್ಟು ಬಲ್ಲ ಮನುಷ್ಯ ಒಂದು ಹಾಡನ್ನೂ ಕೂತು ಪೂರ್ತಿ ಕೇಳಿಲ್ಲ. "ಕೂತ್ಕೊಂಡ್ರೆ ಏನಾದ್ರೂ ಕೆಡತ್ತೆ ಅಂತ ಭಯ ಸಾರ್. ಮೂವತ್ತೊಂದು ವರ್ಷದಿಂದ ನಿಂತೇ ಇದೀನಿ."

ಅಂಬೆಗಾಲಿನ ಗುಟ್ಟು ಇಷ್ಟೇ. ಜನ ಕೂರುವ ನಡುವಿನ ಸಾಲಿನಲ್ಲಿ ಪೆಟ್ಟಿಗೆ ಇಟ್ಟು, ಶಿವರಂಜನಿ ಕೀಬೋರ್ಡಿನ ತೀರಾ ಕೆಳಗಿನ ಒಂದು ಸ್ವರವನ್ನು ಒತ್ತಿಹಿಡಿಯುತ್ತಾರೆ. ಕಾಂತರಾಜು ಗೋಡೆಯುದ್ದಕ್ಕೂ ಹರಿಯುತ್ತಾರೆ. ಎಲ್ಲಿ ಆ ಸ್ವರ ಊದಿಕೊಳ್ಳದೆ, ಸೊರಗದೆ ಕೇಳುತ್ತದೋ ಅಲ್ಲಿ ಸೀಮೆಸುಣ್ಣದ ಗೀಟು. ಪೆಟ್ಟಿಗೆಯೂ ಕಿವಿಯೂ ಜಾಗ ಬದಲಿಸಿಕೊಂಡರೆ ಸದ್ದು ಹಾಗೇ ಇರುತ್ತದೆ, ಹಾಗಾಗಿ ಕೊನೆಗೆ ಪೆಟ್ಟಿಗೆ ಆ ಗೀಟಿನ ಮೇಲೆ ಕೂರುತ್ತದೆ. ನೂರಮೂವತ್ತು ಕುರ್ಚಿಯ ಈ ಹಾಲಿನಲ್ಲಿ ಹದಿನೆಂಟು ಇಂಚಿನದಕ್ಕೆ ಅಂಥ ಜಾಗವೇ ಸಿಗಲಿಲ್ಲ. ಹನ್ನೆರಡು ಇಂಚಿನದಕ್ಕೆ ವೇದಿಕೆಯ ಎಡಕ್ಕೆ, ಗಿರಿಜಾದೇವಿಯವರ ಗೋಡೆಗೆ ದೂರವಾಗಿ ಸಿಕ್ಕಿದೆ.

ಏಳೂವರೆಗೆ ಸಮಿತಿಯ ಕಾರ್ಯದರ್ಶಿ ರೇವಣಸಿದ್ದಯ್ಯ ಬಂದು ಚಿಕ್ಕ ಪೆಟ್ಟಿಗೆಯನ್ನು ಸುತ್ತಲೂ ನೋಡಿ ಮುಖ ಸಣ್ಣ ಮಾಡುತ್ತಾರೆ.

"ಏನ್ರೀ ಇದು, ಕುಕ್ಕರ್ ಡಬ್ಬ ಇದ್ದಂಗಿದೆ! ಕೊಳ್ಳೋದೇ ಕೊಳ್ತೀವಿ, ದೊಡ್ಡದೇ ಇರ್ಲಿ. ಕಂಪ್ಲೇಂಟ್ ಬಂದಿದ್ದು ಹಳೇ ಡಬ್ಬದಿಂದ. ಹೊಸದು ಯಾಕೆ ಗೋಡೆ ನಡುಗ್ಸತ್ತೆ?"

ಅಂಗಡಿಯ ಯಜಮಾನರಿಗೂ ದೊಡ್ಡದೇ ಹೋಗಲಿ ಎಂದಿದೆ. ಹೂಂ ಎಂದರೆ ಕಾಂತರಾಜುಗೆ ಇಲ್ಲಿಗೆ ಕೆಲಸ ಮುಗಿಯಿತು, ಹತ್ತಕ್ಕೆ ಹಾಡು ಶುರುವಾಗುವವರೆಗೆ ಕಾಲು ಚಾಚಬಹುದು. ಅವರು ಹೂಂ ಎನ್ನುವುದಿಲ್ಲ.

"ಒಂದ್ನಿಮಿಷ ಬನ್ನಿ ಸಾರ್ ನನ್ ಜೊತೆ."

ಗಿರಿಜಾದೇವಿಯವರ ಮನೆಯ ಬಾಗಿಲು ತಟ್ಟಿ, ಸೊಸೆಯ ಅನುಮತಿ ಕೇಳಿ, ಕಾರ್ಯದರ್ಶಿಯನ್ನು ಅಡುಗೆಮನೆಗೇ ಕರೆದೊಯ್ಯುತ್ತಾರೆ. ಅಂಗೈಯನ್ನು ಗೋಡೆಗೆ ಇಡಲು ಹೇಳಿ, ಅದೇ ಸ್ವರ ಒತ್ತುವಂತೆ ಶಿವರಂಜನಿಗೆ ಫೋನ್ ಮಾಡುತ್ತಾರೆ. ಮೊದಲು ದೊಡ್ಡದು: ಶೆಲ್ಫಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ, ರೇವಣಸಿದ್ದಯ್ಯ ಕೈ ಹಿಂದಕ್ಕೆ ತೆಗೆಯುತ್ತಾರೆ. ಆಮೇಲೆ ಚಿಕ್ಕದು. ಲೋಟಗಳು ಸುಮ್ಮನಿವೆ. ದೂರದ ಸ್ಟಾಪಿನಲ್ಲಿ ಬಸ್ಸೊಂದು ಇಂಜಿನ್ ಆರಿಸದೆ ನಿಂತಿರುವಷ್ಟು ಮಾತ್ರ ಅಂಗೈಗೆ ಗೊತ್ತಾಗುತ್ತದೆ.

"ಹಾಲ್‌ನಲ್ಲಿ ಜನಕ್ಕೆ ಸಾಕಾಗತ್ತೇನ್ರೀ?" ದನಿ ತಗ್ಗಿದೆ.

"ಸಾಕಾಗತ್ತೆ ಸಾರ್. ಜನ ಮೊದ್ಲು ಕಣ್ಣಲ್ಲಿ ಕೇಳ್ತಾರೆ, ಡಬ್ಬ ನೋಡಿ ಸಣ್ಣದು ಅಂತಾರೆ. ಎರಡನೇ ಹಾಡಿಗೆ ಮರ್ತೋಗ್ತಾರೆ."

ದೊಡ್ಡದು ಮತ್ತೆ ಆಟೋ ಹತ್ತುತ್ತದೆ. ಒಂದು ಕಡೆ ಚಾಲಕ, ಇನ್ನೊಂದು ಕಡೆ ಹಲ್ಲು ಕಚ್ಚಿದ ಕಾಂತರಾಜು. ಆರಿಸಿದ್ದು ಚಿಕ್ಕದನ್ನು, ಆದರೂ ದೊಡ್ಡದನ್ನು ಹೊರುವುದು ತಪ್ಪಲಿಲ್ಲ. ನನಗೆ ನಿಜಕ್ಕೂ ಬೇಸರವಾಗುತ್ತದೆ.

ಹತ್ತಕ್ಕೆ ಹಾಡು ಶುರು. ಕಾಂತರಾಜು ಸದ್ದು ಹೊಂದಿಸುವ ಮಿಕ್ಸರ್ ಹಿಂದೆ ನಿಂತಿದ್ದಾರೆ, ಕಣ್ಣು ಮಾತ್ರ ಬಾಗಿಲ ಕಡೆ. ಯಾರಾದರೂ ದೂರು ಹೊತ್ತು ಬರುತ್ತಾರೇನೋ ಎಂದು. ಯಾರೂ ಬರುವುದಿಲ್ಲ. ಹತ್ತೂಮುಕ್ಕಾಲಿಗೆ ತಡೆಯಲಾರದೆ ಅವರೇ ಪಕ್ಕದ ಮನೆಗೆ ಹೋಗುತ್ತಾರೆ. ನಾನೂ ಹಿಂದೆಯೇ.

ಗಿರಿಜಾದೇವಿ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ. ತಲೆಯೆತ್ತಿ ಕೇಳುತ್ತಾರೆ:

"ಯಾಕಪ್ಪ, ಇವತ್ತು ಹಾಡಲ್ವಾ ಅವ್ರು? ಆಗ್ಲಿಂದ ಕಾಯ್ತಾ ಇದೀನಿ."

 ಆಚೆ ಎಂಟನೆಯ ಹಾಡು ನಡೆಯುತ್ತಿದೆ.

"ಹಾಡ್ತಾ ಇದಾರಮ್ಮ."

"ಮತ್ತೆ ಕೇಳಿಸ್ತಿಲ್ಲ? ಧಡಧಡ ಅನ್ನೋದು ಬೇಡ ಅಂದಿದ್ದಷ್ಟೇ ಕಣಪ್ಪ ನಾನು. ಒಂಬತ್ತು ವರ್ಷದಿಂದ ಕೇಳ್ತಾ ಇದೀನಿ, ಆ ಹುಡುಗಿ ಚೆನ್ನಾಗಿ ಹಾಡ್ತಾಳೆ."

ಭವನದ ಕಡೆಯ ಕಿಟಕಿಯನ್ನು ಮನೆಯವರು ಒಂದು ತಿಂಗಳಿಂದ ಮುಚ್ಚಿ, ಸಂದಿಗೆ ಹಳೆಯ ಟವೆಲ್ ತುರುಕಿದ್ದಾರೆ. ಕಾಂತರಾಜು ಟವೆಲ್ ಎಳೆದು ಕಿಟಕಿ ತೆರೆಯುತ್ತಾರೆ. ಶಿವರಂಜನಿಯ ದನಿ ಒಳಗೆ ಬರುತ್ತದೆ. ಶೆಲ್ಫಿನ ಲೋಟಗಳು ಅಲುಗುವುದಿಲ್ಲ.

ಗಿರಿಜಾದೇವಿ ಪಕ್ಕದ ಸ್ಟೂಲನ್ನು ಕಾಲಲ್ಲೇ ಮುಂದಕ್ಕೆ ತಳ್ಳುತ್ತಾರೆ. "ಕೂತ್ಕೊ. ಇದೊಂದು ಮುಗೀಲಿ."

ಕಾಂತರಾಜು ಒಂದು ಕೈಯಲ್ಲಿ ಮಂಡಿ ಹಿಡಿದು, ನಿಧಾನಕ್ಕೆ, ಕೂರುತ್ತಾರೆ. ಅಲ್ಲಿ ಮಿಕ್ಸರ್ ಹತ್ತಿರ ಯಾರೂ ಇಲ್ಲವಲ್ಲ ಎಂದು ನಾನು ನೆನಪಿಸುತ್ತೇನೆ.

"ಇರ್ಲಿ ಬಿಡಿ ಸಾರ್," ಎನ್ನುತ್ತಾರೆ, ಕಿಟಕಿಯಿಂದ ಮುಖ ತಿರುಗಿಸದೆ. "ಪೆಟ್ಟಿಗೆ ಅದರ ಜಾಗದಲ್ಲಿದೆ. ಒಂದ್ ಹಾಡಿನಷ್ಟು ಹೊತ್ತು ಅದನ್ನ ಯಾರೂ ಕಾಯ್ಬೇಕಾಗಿಲ್ಲ."