ಬೇಗಂ ಔರಾದಿಗೆ ಬಂದ ದಿನ

ಭಾಲ್ಕಿಯಲ್ಲಿ ನನ್ನ ಅಕ್ಕ ಕೌಸಲ್ಯಾಬಾಯಿಗೆ ಒಬ್ಬ ಸವತಿ ಇದ್ದಾಳೆ. ಮೈಬಣ್ಣ ಕಪ್ಪು, ಮೈತುಂಬ ಬೆಳ್ಳಿ, ವಯಸ್ಸು ಹೆಚ್ಚುಕಡಿಮೆ ಅಕ್ಕನಷ್ಟೇ. ಹೆಸರು ಬೇಗಂ. ದಿನಾ ಬೆಳಿಗ್ಗೆ ಅಕ್ಕನಿಗೆ ಚಹಾ ಸಿಗುವ ಮೊದಲೇ ಬೇಗಂಗೆ ಸ್ನಾನ ಆಗಿರುತ್ತದೆ. ಗಾಬರಿಯಾಗಬೇಡಿ, ಬೇಗಂ ಒಂದು ಹಳೆಯ ಅಂಬಾಸಡರ್ ಕಾರು.

ಅವಳನ್ನು ಮನೆಗೆ ತಂದವರು ಅಕ್ಕನ ಗಂಡ ಮಾಣಿಕ. ನಾನು ಅವರಿಗೆ ದಾಜಿ ಎನ್ನುತ್ತೇನೆ. ನಮ್ಮ ಗಡಿ ಸೀಮೆಯಲ್ಲಿ ಅಕ್ಕನ ಗಂಡನನ್ನು ಕರೆಯುವುದೇ ಹಾಗೆ. ದಾಜಿ ಲಾರಿಗಳಿಗೆ ಬಣ್ಣ ಬರೆಯುವ ಪೇಂಟರ್. ಮುಂಬೈ, ಹೈದರಾಬಾದು ಸುತ್ತಿ ಬಂದ ಎಷ್ಟೋ ಲಾರಿಗಳ ಬೆನ್ನ ಮೇಲೆ ಅವರ ಕಮಲ ಅರಳಿದೆ, ಅವರ ನವಿಲು ಕುಣಿದಿದೆ. ಹುಲಿ ಮಾತ್ರ ಅವರ ಕೈಗೆ ಎಂದೂ ಒಲಿಯಲಿಲ್ಲ. ಅವರು ಬರೆದ ಹುಲಿಯನ್ನು ಕಂಡರೆ ಒಂದು ಬಟ್ಟಲು ಹಾಲು ಇಡಬೇಕು ಅನಿಸುತ್ತದೆ.

ಅಕ್ಕ ಮದುವೆಯಾಗಿ ಔರಾದಿನ ನಮ್ಮ ಮನೆಯಿಂದ ಭಾಲ್ಕಿಗೆ ಹೋದದ್ದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಬೌದ್ಧರ ಪದ್ಧತಿಯಂತೆ ಬಿಳಿ ಸೀರೆ ಉಟ್ಟ ಮದುಮಗಳಿಗೆ ಕೂರಲು ಜಾಗವಿಲ್ಲ. ಕಂಬಿ ಹಿಡಿದು ನಿಂತ ಅವಳ ಕಿವಿಯಲ್ಲಿ ದಾಜಿ ಹೇಳಿದರಂತೆ: “ಒಂದಿನ ನಿನ್ನ ತವರಮನಿಗಿ ನಮ್ಮದೇ ಕಾರಿನ್ಯಾಗ ಕರಕೊಂಡು ಹೋಗ್ತೇನಿ.” ಅಕ್ಕ ಆ ಮಾತನ್ನು ಗಂಟು ಹಾಕಿಟ್ಟುಕೊಂಡಳು. ಮಗಳು ಆಮ್ರಪಾಲಿ ಓದಿ ಬೀದರಿನ ಕಾಲೇಜಿನಲ್ಲಿ ಪಾಠ ಹೇಳುವಂತಾದ ಮೇಲೆ ದಾಜಿಗೂ ಮಾತು ನೆನಪಾಯಿತು. ಸಾಯಗಾಂವದಲ್ಲಿ ಯಾರದೋ ಬೇವಿನ ಗಿಡದ ಕೆಳಗೆ ಕೋಳಿಗಳ ಮನೆಯಾಗಿದ್ದ ಅಂಬಾಸಡರನ್ನು ಕೊಂಡು, ಲಾರಿಯ ಮೇಲೆ ಹೇರಿ ಮನೆಗೆ ತಂದರು. ಅಕ್ಕ ಅದಕ್ಕೆ ಆರತಿ ಎತ್ತಿದಳು. ಪಾಪ, ಯಾರಿಗೆ ಆರತಿ ಎತ್ತುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಕೋಳಿಗಳು ಹೋದವು, ಹುಚ್ಚು ಬಂತು. ಮೊದಲು ಮೈಗೆ ಕನ್ನಡಿಯಂಥ ಕಪ್ಪು ಬಣ್ಣ. ಆಮೇಲೆ ಅದರ ಮೇಲೆ ಬಿದರಿ ಹೂಜಿಯ ಮೇಲಿರುತ್ತದಲ್ಲ, ಅಂಥದೇ ಬೆಳ್ಳಿ ಬಳ್ಳಿ, ಬೆಳ್ಳಿ ಹೂವು. ಬೀದರಿನಲ್ಲಿ ಬಿದರಿ ಕೆಲಸ ಮಾಡುವ ಕರೀಮ ಸಾಬರನ್ನು ಹಿಡಿದು ಬಾಗಿಲ ಹಿಡಿಕೆಗೂ ಗೇರಿನ ತುದಿಯ ಗುಬಟಿಗೂ ನಿಜವಾದ ಬೆಳ್ಳಿ ತಂತಿ ಕೂಡಿಸಿದ ಬಿದರಿಯನ್ನೇ ಮಾಡಿಸಿದರು. ಬೇಗಂ ಎಂದು ಹೆಸರಿಟ್ಟವರೂ ಕರೀಮ ಸಾಬರೇ. ಒಳಗೆ ಕೆಂಪು ಮಖಮಲ್ಲು, ಕಿಟಕಿಗೆ ಜಾಲರಿ. ಚಪ್ಪಲಿ ಬಿಚ್ಚದೆ ಯಾರೂ ಹತ್ತುವಂತಿಲ್ಲ. ಭಾನುವಾರಕ್ಕೊಮ್ಮೆ ದಾಜಿ ಇಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ ಅದರ ಗುರುಗುರು ಕೇಳಿ, ಬಂದ್ ಮಾಡುತ್ತಿದ್ದರು. ಶೆಡ್ಡು ಬಿಟ್ಟು ಅವಳು ಹೊರಗೆ ಬರುತ್ತಿದ್ದುದು ವರ್ಷಕ್ಕೊಂದು ಸಲ, ಬೀದರಿನ ನೌಬಾದದ ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆದಾಗ. ಆಗಲೂ ಲಾರಿಯ ಮೇಲೆ, ದುಪ್ಪಟಿ ಹೊದ್ದುಕೊಂಡು.

“ದಾಜಿ, ಗಾಡಿ ಇರೋದು ಓಡಿಸ್ಲಾಕರಿ” ಎಂದು ನಾನು ಎಷ್ಟು ಸಲ ಜಗಳ ಆಡಿದ್ದೇನೋ.

“ಧೂಳ ಕುಂದರ್ತದ. ಕಲ್ಲ ಸಿಡಿತದ. ತಮ್ಮಾ, ನಿನಗ ಚೆಂದ ಅನ್ನೋದು ಗೊತ್ತಾಗಂಗಿಲ್ಲ.”

ಈ ವರ್ಷ ಪ್ರದರ್ಶನದ ದಿನವೇ ಸಂಜೆ ಔರಾದಿನಲ್ಲಿ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಅಕ್ಕ, ದಾಜಿಯನ್ನು ಕರೆದುಕೊಂಡು ಹೋಗಲು ನಾನು ಬೆಳಿಗ್ಗೆಯೇ ಭಾಲ್ಕಿಗೆ ಬಂದರೆ, ದಾಜಿ ಲಾರಿಗೆ ಹಲಗೆ ಕಟ್ಟಿಸುತ್ತ ಅಕ್ಕನಿಗೆ ಹೇಳುತ್ತಿದ್ದರು: “ನೀ ತಮ್ಮನ ಜೋಡಿ ಬಸ್ಸಿಗಿ ಹೋಗು. ನಾ ಬೇಗಂನ ಪ್ರದರ್ಶನ ಮುಗಿಸಿ ಬರ್ತೇನಿ.”

ಅಕ್ಕ ಹೊಸ ಸೀರೆಯ ಸೆರಗು ಸಿಕ್ಕಿಸಿದಳು, ಸೀದಾ ಶೆಡ್ಡಿಗೆ ಹೋದಳು, ಬೇಗಂಳ ಬಾಗಿಲು ತೆಗೆದು ಸ್ಟೇರಿಂಗಿನ ಮುಂದೆ ಕೂತಳು. ಚಪ್ಪಲಿ ಹಾಕಿಕೊಂಡೇ.

“ಏ ಕೌಸಲ್ಯಾ! ಚಪ್ಪಲ್! ಮಖಮಲ್!”

“ನಾ ಇಳಿಯಂಗಿಲ್ರಿ. ನಾ ಔರಾದಿಗಿ ಹೋದ್ರ ಇದರಾಗೇ ಹೋಗ್ತೇನಿ.”

ದಾಜಿ ಬೇಡಿಕೊಂಡರು, ಗದರಿದರು, ಪೇಡೆ ತರಿಸಿದರು. ಅಕ್ಕ ಪೇಡೆ ತಿಂದಳು, ಇಳಿಯಲಿಲ್ಲ. ಹೊತ್ತಾಗುತ್ತಿತ್ತು. ಕೊನೆಗೆ ಓಣಿಯವರೆಲ್ಲ ಸೇರಿ ಹೋ ಎನ್ನುತ್ತ ಅಕ್ಕನ ಸಮೇತ ಬೇಗಂಳನ್ನು ಲಾರಿಯ ಮೇಲೆ ನೂಕಿದರು. ಭಾಲ್ಕಿ ಪೇಟೆಯಲ್ಲಿ ಲಾರಿ ಹೊರಟಿತು ನೋಡಿ: ಲಾರಿಯ ಮೇಲೆ ಕಾರು, ಕಾರಿನೊಳಗೆ ನಮ್ಮಕ್ಕ! ಕಿಟಕಿಯಿಂದ ಕೈ ಬೀಸುತ್ತಿದ್ದಾಳೆ. ಬಸ್ ನಿಲ್ದಾಣದ ಹತ್ತಿರ ಯಾರೋ ಒಬ್ಬರು, ಅಕ್ಕ ಯಾವ ಚುನಾವಣೆ ಗೆದ್ದಳು ಎಂದು ಕೇಳಿಯೇಬಿಟ್ಟರು. ನಾನು ನಕ್ಕು ನಕ್ಕು ಲಾರಿಯಿಂದ ಬೀಳುವುದೊಂದು ಬಾಕಿ.

ನೌಬಾದದಲ್ಲಿ ಬೇಗಂಳನ್ನು ಅಕ್ಕನ ಸಮೇತ ಲಾರಿಯಿಂದ ಇಳಿಸಿದಾಗ ಮೈಕು ಹಿಡಿದವನು ಕಣ್ಣರಳಿಸಿ ಘೋಷಿಸಿದ: “ಈ ಸಲ ಗಾಡಿಯ ಜೊತೆಗೆ ಮಾಲಕರ ಧರ್ಮಪತ್ನಿಯವರೂ ಪ್ರದರ್ಶನಕ್ಕಿದ್ದಾರೆ!” ಜನ ಬೇರೆ ಕಾರುಗಳನ್ನು ಬಿಟ್ಟು ಇತ್ತ ಓಡಿಬಂದರು. ಅಕ್ಕ ಅವರಿಗೆಲ್ಲ ಆ ಬಸ್ಸಿನ ಕಂಬಿಯಿಂದ ಹಿಡಿದು ಕಥೆ ಹೇಳಿದಳು. ಮೈದಾನ ಎರಡು ಪಾಲಾಯಿತು. ಹೆಂಗಸರೆಲ್ಲ ಓಡಿಸಬೇಕು ಎಂದರು. ಓಡಿಸಬಾರದು ಎನ್ನುವವರ ಮುಂದಾಳು ಕರೀಮ ಸಾಬರು.

“ಅರೆ, ಗಾಡಿ ಕುಣಿತಂದ್ರ ನನ್ನ ಚಾಂದಿ ತಾರು ಉದುರ್ತದರಿ! ಇದು ಗಾಡಿ ಅಲ್ಲ, ದಾಗೀನ!”

“ದಾಗೀನ ಆದ್ರ ಏನಾಯ್ತು ಚಾಚಾ, ಹಾಕ್ಕೊಳ್ಳಬಾರದೇನ್ರಿ?” ಎಂದಳು ಕಾಲೇಜಿಗೆ ರಜೆ ಹಾಕಿ ಬಂದಿದ್ದ ಆಮ್ರಪಾಲಿ. ಸಿಳ್ಳೆ ಬಿದ್ದವು.

“ಓಡಿಸ್ರಿ! ಓಡಿಸ್ರಿ!” ಎಂದು ಜನ ಕೂಗತೊಡಗಿದಾಗ ದಾಜಿಯ ಮುಖ ಬಿಳಿಚಿಕೊಂಡಿತು. ಅವರು ಕಿಟಕಿಗೆ ಬಗ್ಗಿ ಏನೋ ಪಿಸುಗುಟ್ಟಿದರು. ಪಕ್ಕದಲ್ಲಿದ್ದ ನನಗೆ ಕೇಳಿಸಿತು.

“ಕೌಸಲ್ಯಾ, ನನಗ ಗಾಡಿ ಹೊಡಿಲಾಕ ಬರಂಗಿಲ್ಲ.”

ಹುಟ್ಟಿದಾಗಿನಿಂದ ಲಾರಿಗಳ ನಡುವೆ ಬೆಳೆದ ಮನುಷ್ಯ! ಬರುತ್ತದೆ ಎಂದೇ ಎಲ್ಲರೂ ತಿಳಿದಿದ್ದೆವು, ಯಾರೂ ಕೇಳಿರಲಿಲ್ಲ. ಎಲ್ಲರೂ ಹಾಗೆ ತಿಳಿದ ಮೇಲೆ ಕಲಿಸಿರಿ ಎಂದು ಕೇಳಲು ಅವರಿಗೆ ನಾಚಿಕೆ. “ಎಲ್ಲಿ ತನಕ ಬಣ್ಣ ಹೊಡೀತೇನಿ, ಅಲ್ಲಿ ತನಕ ಓಡಿಸು ಅಂತ ಯಾರೂ ಅನ್ನಂಗಿಲ್ಲ ಅನಕೊಂಡೆ” ಎಂದರು. ಕಣ್ಣಲ್ಲಿ ನೀರಿತ್ತು. ನನ್ನ ವರ್ಷಗಳ ಸಿಟ್ಟು ಅಲ್ಲೇ ಕರಗಿತು. ಎಷ್ಟು ಒದ್ದಾಡಿತ್ತೋ ಆ ಜೀವ!

ಅಕ್ಕ ಮಾತ್ರ ತಣ್ಣಗೆ ಕೂತಿದ್ದಳು. “ನನಗ ಗೊತ್ತದರಿ. ನೀವು ಸ್ಟೇರಿಂಗ್ ಹಿಡಿಯೋದು ಬ್ರಶ್ ಹಿಡದಂಗ.” ಹಾಗೆಂದು ಕಿಟಕಿಯಿಂದ ಕೈ ಚಾಚಿದಳು. “ಚಾವಿ ಕೊಡ್ರಿ.”

“ನೀನಾ?”

ಆಮ್ರಪಾಲಿ ಕಿಸಕ್ಕನೆ ನಕ್ಕಳು. ಭಾನುವಾರ ಬುದ್ಧ ವಿಹಾರಕ್ಕೆ ಹೋಗುತ್ತೇವೆಂದು ಹೇಳಿ ತಾಯಿ ಮಗಳು ಹೋಗುತ್ತಿದ್ದುದು ವಿಹಾರಕ್ಕೂ ನಿಜ. ಆದರೆ ಬರುವಾಗ ಮನ್ನಳ್ಳಿ ಕಡೆಯ ಖಾಲಿ ರಸ್ತೆಯಲ್ಲಿ ಆಮ್ರಪಾಲಿಯ ಸಣ್ಣ ಕಾರು ತಾಯಿಯ ಕೈಯಲ್ಲಿರುತ್ತಿತ್ತು. ದಾಜಿ ಕರೀಮ ಸಾಬರನ್ನು ಕಾಣಲು ಬೀದರಿಗೆ ಹೋದಾಗಲೆಲ್ಲ ಇಬ್ಬರೂ ಶೆಡ್ಡಿನಲ್ಲಿ ಬೇಗಂಳ ಸ್ಟೇರಿಂಗಿಗಂಟಿದ ಗೇರನ್ನು ಪಳಗಿಸಿದ್ದರು. ಲೈಸೆನ್ಸೂ ಆಗಿತ್ತು. ಸವತಿಯ ಜೊತೆ ಅಕ್ಕ ಆಗಲೇ ರಾಜಿಯಾಗಿದ್ದಳು, ನೋಡಿ!

ಚಾವಿ ತಿರುಗಿತು. ಬೇಗಂ ಕೆಮ್ಮಿದಳು, ಒಂದು ಸಲ ಮುಗ್ಗರಿಸಿದಳು, ಹೊರಟಳು. ಮೈದಾನಕ್ಕೆ ಮೈದಾನವೇ ಕೇಕೆ ಹಾಕಿತು. ಪ್ರದರ್ಶನದವರು ಹಾಕಿದ ಚೆಂಡುಹೂವಿನ ಹಾರ ಮೂತಿಯ ಮೇಲೆ ಹಾಗೆಯೇ ಇತ್ತು. ದಾಜಿ ಮುಂದೆ ಹತ್ತಿದರು; ಹಿಂದೆ ನಾನು, ಆಮ್ರಪಾಲಿ. ಇನ್ನೇನು ಗೇಟು ದಾಟಬೇಕು, ಕರೀಮ ಸಾಬರು ಓಡಿಬಂದು ಒಳಗೆ ತೂರಿಕೊಂಡರು. “ಉದುರಿದ್ರ ಆರಿಸಿಕೊಳ್ಳಾಕ ಯಾರರ ಬೇಕಲ್ಲರಿ!”

ಔರಾದಿನ ರಸ್ತೆಯುದ್ದಕ್ಕೂ ದಾಜಿ “ಹಳ್ಳ! ಹಳ್ಳ!” ಎನ್ನುತ್ತಿದ್ದರು, ಕರೀಮ ಸಾಬರು “ಯಾ ಅಲ್ಲಾ” ಎನ್ನುತ್ತಿದ್ದರು, ಅಕ್ಕ ಹಾಡು ಗುನುಗುತ್ತಿದ್ದಳು. ಅರ್ಧ ದಾರಿಯಲ್ಲಿ ಧೊಂಡಿಬಾ ಎಂಬ ಕುರುಬರ ಮುದುಕನ ಕುರಿಹಿಂಡು ಅಡ್ಡ ಬಂತು. ಅಕ್ಕ ನಿಲ್ಲಿಸಿದಳು. ಕುರಿಗಳೋ, ಬೆಳ್ಳಿ ಬಳ್ಳಿಗೆ ಮೈ ತಿಕ್ಕುತ್ತ ಸಾಗಿದವು. ಒಂದು ಟಗರು ಬಾಗಿಲಲ್ಲಿ ತನ್ನದೇ ಮುಖ ಕಂಡು ಢಂ ಎಂದು ಹಾಯ್ದಿತು. ದಾಜಿ ಕಣ್ಣು ಮುಚ್ಚಿಕೊಂಡರು.

ಧೊಂಡಿಬಾ ಹಾರ ನೋಡಿ, ಕಿಟಕಿಯೊಳಗೆ ಇಣುಕಿ ಕೇಳಿದ: “ಮದವಿ ಗಾಡಿ ಏನ್ರಿ? ಮದುಮಕ್ಕಳು ಎಲ್ಯದಾರ್ರಿ?”

“ನಾವೇ ರೀ!” ಎಂದಳು ಅಕ್ಕ.

ಮುದುಕ ಬಿದ್ದು ಬಿದ್ದು ನಕ್ಕ. ಆಮೇಲೆ ನಿಜವಾಗಿಯೂ ಕೈಯೆತ್ತಿ ಹರಸಿದ. ದಾಜಿ ಇಳಿದು ನೋಡಿದರು: ಬಾಗಿಲ ಮೇಲೆ ಅಂಗೈಯಗಲದ ತಗ್ಗು. ಅದನ್ನು ಸವರಿದರು, ಟಗರನ್ನು ನೋಡಿದರು, ಇದ್ದಕ್ಕಿದ್ದಂತೆ ಅವರಿಗೂ ನಗು ಬಂತು. ಅಷ್ಟು ನಕ್ಕದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಔರಾದಿನ ನಮ್ಮ ಓಣಿಯಲ್ಲಿ ಬೇಗಂ ನಿಂತಾಗ ಮನೆಯೊಳಗೆ ತೊಟ್ಟಿಲ ಹಾಡು ಶುರುವಾಗಿತ್ತು. ಹಾಡು ಅಲ್ಲೇ ಬಿಟ್ಟು ಎಲ್ಲರೂ ಹೊರಗೆ ಬರುವಷ್ಟರಲ್ಲಿ ನಾವು ಕಾರಿನಿಂದ ಇಳಿದಾಗಿತ್ತು. ನಾದಿನಿಯನ್ನು ವನ್ಸೇರು ಎಂದೇ ಕರೆಯುವ ನನ್ನ ಹೆಂಡತಿ ಮಹಾಮಾಯಾ ಆರತಿ ತಟ್ಟೆ ಹಿಡಿದು ಹಾಡಿ ಹೊಗಳಿದಳು: “ಅಂತೂ ದಾಜಿ ನಮ್ಮ ವನ್ಸೇರ್ನ ಕಾರಿನ್ಯಾಗ ತವರಮನಿಗಿ ಕರಕೊಂಡು ಬಂದ್ರು!”

ಅಕ್ಕ ಚಾವಿಯನ್ನು ಮೆಲ್ಲಗೆ ಸೆರಗಿನಲ್ಲಿ ಮುಚ್ಚಿಕೊಂಡಳು. ದಾಜಿ ಸುಮ್ಮನೆ ನಕ್ಕುಬಿಟ್ಟಿದ್ದರೆ ಅವರ ಮಾನ ಹಾಗೆಯೇ ಉಳಿಯುತ್ತಿತ್ತು. ಆದರೆ ಅವರು ಬೀಗರೆಲ್ಲರ ಮುಂದೆ ಗಂಟಲು ಸರಿಮಾಡಿಕೊಂಡು ಜೋರಾಗಿ ಹೇಳಿದರು:

“ನಾ ಅಲ್ಲ. ಅಕಿ ನನಗ ಕರಕೊಂಡು ಬಂದಾಳ. ನನಗ ಹೊಡಿಲಾಕ ಬರಂಗಿಲ್ಲ.”

ಯಾರೂ ನಗಲಿಲ್ಲ. ಅಕ್ಕ ಅಳುತ್ತಿದ್ದಳು, ಆದರೆ ಮುಖವೆಲ್ಲ ಬೆಳಕಾಗಿತ್ತು.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹೊರಗೆ ಬಂದರೆ, ದಾಜಿ ಬೇಗಂಳ ಬಾಗಿಲ ಮುಂದೆ ಚಪ್ಪಲಿ ಬಿಚ್ಚಿಟ್ಟು ಸ್ಟೇರಿಂಗಿನ ಹಿಂದೆ ಏರುತ್ತಿದ್ದರು. ಅಕ್ಕ ಆಗಲೇ ಪಕ್ಕದಲ್ಲಿ ಕೂತಿದ್ದಳು.

“ಚಪ್ಪಲ್ ಹಾಕ್ಕೊಂಡು ಕೂಡ್ರಿ” ಎಂದಳು. “ಬರಿಗಾಲಿಗಿ ಕ್ಲಚ್ ಚುಚ್ತದ.”