ಪುಟ್ಟಕ್ಕ ನೋಡದ ದಾರಿ

ಖಾಲಿ ಗೋಣಿಚೀಲ ಕೊಡವಿದಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಸೆಣಬು, ಭತ್ತದ ಹೊಟ್ಟು, ಹಳೆಯ ಧೂಳು. ಈ ವಯಸ್ಸಿನಲ್ಲೂ ಅದು ಮೂಗಿಗೆ ಬಡಿದರೆ ನಾನು ಮುಖ ತಿರುಗಿಸಿಕೊಳ್ಳುತ್ತೇನೆ. ಮನೆಯವರು ಅಲರ್ಜಿ ಎಂದುಕೊಂಡಿದ್ದಾರೆ. ಆ ವಾಸನೆಯ ಬೆನ್ನಿಗೇ ನನಗೆ ಪುಟ್ಟಕ್ಕ ನೆನಪಾಗುತ್ತಾಳೆ.

ಸಾಗರ ತಾಲ್ಲೂಕಿನ ನಮ್ಮ ಊರು ಈಗ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಅಲ್ಲಿ ನಮ್ಮ ಕಣದ ಆಚೆಗೆ ಒಂದು ಮನೆಯಿತ್ತು. ಅದರಲ್ಲಿದ್ದವರನ್ನು ಆಚೆಮನೆಯವರು ಎನ್ನುತ್ತಿದ್ದೆವು; ಅದಕ್ಕಿಂತ ಹೆಚ್ಚು ಹೇಳುವ ರೂಢಿ ಇರಲಿಲ್ಲ. ಹಗಲು ಅವರು ನಮ್ಮ ಹಾಗೆಯೇ ದುಡಿಯುವ ಜನ. ದೀಪ ಹಚ್ಚುವ ಹೊತ್ತಿಗೆ ಆ ಮನೆಯ ಬಾಗಿಲು ಮುಚ್ಚುತ್ತಿತ್ತು, ಮಾಡಿನ ಸಂದಿಯಿಂದ ಒಂದೊಂದೇ ಬೆಕ್ಕು ಇಳಿದು ಊರಿನ ಕಣಜಗಳ ಕಡೆ ನಡೆಯುತ್ತಿತ್ತು. ಅವರಿದ್ದಷ್ಟು ಕಾಲ ನಮ್ಮ ಭತ್ತಕ್ಕೆ ಇಲಿ ಬಾಯಿ ಹಾಕಲಿಲ್ಲ. ಪ್ರತಿ ಮನೆಯ ಹಿತ್ತಿಲ ಮೆಟ್ಟಿಲ ಮೇಲೂ ಅವರಿಗೆಂದು ಮೀನುಸಾರು ಕಲೆಸಿದ ಅನ್ನ ಇರುತ್ತಿತ್ತು. ಕಂಡದ್ದನ್ನು ಯಾರೂ ಆಡುತ್ತಿರಲಿಲ್ಲ.

ಆ ಮನೆಯ ಪುಟ್ಟಕ್ಕ ನನ್ನನ್ನು ಎತ್ತಿ ಆಡಿಸಿದವಳು. ಅವಳ ಮಡಿಲು ಸದಾ ಬೆಚ್ಚಗೆ. ತಟ್ಟಿ ಮಲಗಿಸುವಾಗ ಎದೆಯೊಳಗೆ ಸಣ್ಣಗೆ ಗುರುಗುರು ಸದ್ದು. ಕಾಲು ಒದ್ದೆಯಾಗುವುದೆಂದರೆ ಅವಳಿಗೆ ಆಗದು. ನಾಟಿಯ ದಿನ ಗದ್ದೆಯಂಚಿನಲ್ಲಿ ಒಂದೊಂದೇ ಪಾದ ಕೊಡವುತ್ತ ನಿಂತಿರುತ್ತಿದ್ದಳು. "ಇಳಿಯೇ ಪುಟ್ಟಿ, ನೀರೇನು ಕಚ್ಚತ್ತಾ?" ಎಂದು ಅವ್ವ ಛೇಡಿಸಿದರೆ, "ನಿಮ್ಗೇನಕ್ಕಾ, ನಿಮ್ದು ಕಪ್ಪೆ ಜಾತಿ" ಎನ್ನುತ್ತಿದ್ದಳು.

ನೀರು ಬರುತ್ತದೆಂದು ಖಚಿತವಾದ ಮೇಲೆ ಆಚೆಮನೆಯವರು ಗುಡ್ಡ ಹತ್ತಿ ಕಾಡು ಸೇರಿದರು. ಪುಟ್ಟಕ್ಕ ಮಾತ್ರ ನಮ್ಮ ಜೊತೆ ಬರುತ್ತೇನೆಂದಳು. ಅವರಲ್ಲಿ ಒಂದು ಕಟ್ಟುಪಾಡಿತ್ತು. ಹುಟ್ಟಿದ ಮನೆಯ ಒಲೆ ಬಿಟ್ಟು ಹೋಗುವವರು ಬೆಕ್ಕಾಗಿಯೇ ಹೋಗಬೇಕು, ಹೊಸ ಜಾಗದವರೆಗಿನ ದಾರಿಯನ್ನು ಕಣ್ಣಾರೆ ನೋಡಬೇಕು. ಆಗ ಮಾತ್ರ ಅಲ್ಲಿ ಮತ್ತೆ ಮನುಷ್ಯರಾಗಬಹುದು. ಹೊರಡುವ ಬೆಳಿಗ್ಗೆ ಅವಳು ನನ್ನ ಗಲ್ಲ ಹಿಡಿದು ಹೇಳಿದಳು: "ತಮ್ಮಾ, ನಿನ್ನ ಮಡ್ಲಲ್ಲೇ ಕೂರ್ತೀನಿ. ದಾರಿ ಪೂರಾ ನೋಡಕ್ಕೆ ಬಿಡು. ನಡುವೆ ತಪ್ಪಿದ್ರೆ, ಆಮೇಲೆ ನಿನ್ನ ಹೆಸರು ಹಿಡಿದು ಕರೆಯಕ್ಕೆ ನಂಗೆ ಬಾಯಿರಲ್ಲ."

ಅರಳಸುರಳಿಯ ಹತ್ತಿರ ಅಪ್ಪಯ್ಯ ಜಮೀನು ಹಿಡಿದಿದ್ದರು. ಅಪ್ಪಯ್ಯ, ಅವ್ವ ಲಾರಿಯ ಮುಂದೆ ಕೂತರು. ಹಿಂದೆ ಸಾಮಾನಿನ ನಡುವೆ ನಾನು, ಮಡಿಲಲ್ಲಿ ಕಂದು ಬಣ್ಣದ ಬೆಕ್ಕು. ಪ್ರತಿ ತಿರುವಿನಲ್ಲೂ ಅವಳು ಕತ್ತೆತ್ತಿ ನೋಡುತ್ತಿದ್ದಳು. ಹೊಸನಗರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಡ್ರೈವರ್ ನನ್ನನ್ನು ನೋಡಿ ನಕ್ಕ. "ಬೆಕ್ಕನ್ನ ಹಿಂಗೆ ಒಯ್ತಾರೇನೋ ಮಾರಾಯ? ದಾರಿ ನೋಡಿದ್ರೆ ನಾಳೆನೇ ವಾಪಸ್ ಓಡತ್ತೆ. ಚೀಲಕ್ಕೆ ಹಾಕ್ಕೋ."

ಬೆಕ್ಕು ಸಾಗಿಸುವವರೆಲ್ಲ ಹಾಗೆಯೇ ಮಾಡುವುದು. ಅವನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೂ, ದಾರಿ ತಿಳಿದರೆ ಒಂದು ದಿನ ತನ್ನವರನ್ನು ಹುಡುಕಿಕೊಂಡು ಹೋಗಿಯೇ ಬಿಡುತ್ತಾಳೆ ಎಂಬ ಹೆದರಿಕೆ ನನ್ನೊಳಗೆ ಹೊಕ್ಕಿತು. ಭತ್ತದ ಖಾಲಿ ಚೀಲಕ್ಕೆ ಅವಳನ್ನು ಇಳಿಸಿ ಬಾಯಿ ಕಟ್ಟಿದೆ. ಅವಳು ಪರಚಲಿಲ್ಲ. ಒಂದು ಸಲ ಕೂಗಿದಳು, ಅಷ್ಟೇ. ಹೊಸ ಮನೆ ಕಾಣುವ ಮುಂಚೆ ಚೀಲ ಬಿಚ್ಚಿ, ಮತ್ತೆ ಮಡಿಲಲ್ಲಿ ಕೂರಿಸಿಕೊಂಡೆ.

ಅವ್ವ ಹೊಸ ಒಲೆಯ ಮುಂದೆ ಪುಟ್ಟಕ್ಕನಿಗೆಂದು ಸೀರೆ ಮಡಿಸಿಟ್ಟು ಕಾದಳು. ದಿನಗಳು ಕಳೆದರೂ ಆ ಸೀರೆಯ ಮಡಿಕೆ ಬಿಚ್ಚಲಿಲ್ಲ. "ದಾರೀಲಿ ನಿದ್ದೆ ಮಾಡಿಬಿಟ್ಲೇನಾ?" ಎಂದು ಕೇಳಿದಳು. ಹೂಂ ಎಂದೆ. ತಪ್ಪನ್ನು ಪುಟ್ಟಕ್ಕನ ಮೇಲೆಯೇ ಹೊರಿಸಿದೆ. ಅವ್ವ ಸಾಯುವವರೆಗೂ ಅದನ್ನೇ ನಂಬಿದ್ದಳು. ಪುಟ್ಟಕ್ಕ ಬೆಕ್ಕಾಗಿಯೇ ನಮ್ಮಲ್ಲಿ ಬಹಳ ವರ್ಷ ಬದುಕಿದಳು. ನಾನು ಹೈಸ್ಕೂಲಿನಿಂದ ಬರುತ್ತಲೇ ಮಡಿಲೇರಿ ಗುರುಗುಟ್ಟುತ್ತಿದ್ದಳು. ಸಿಟ್ಟು ತೋರಿಸಲೇ ಇಲ್ಲ. ಒಮ್ಮೊಮ್ಮೆ ನನ್ನ ಮುಖವನ್ನೇ ನೋಡುತ್ತ ಬಾಯಿ ತೆರೆಯುತ್ತಿದ್ದಳು, ಸದ್ದು ಬರುತ್ತಿರಲಿಲ್ಲ. ಎಲ್ಲೂ ಹೋಗದ ಹಾಗೆ ಇಟ್ಟುಕೊಂಡೆನಲ್ಲ, ಅವಳ ಮಾತು ಮಾತ್ರ ನನಗೆ ಮತ್ತೆ ಸಿಗಲಿಲ್ಲ.

ಅವಳು ಸತ್ತಾಗ ಮುಖವೊಂದನ್ನು ಹೊರಗಿಟ್ಟು ಟವೆಲಿನಲ್ಲಿ ಸುತ್ತಿ, ಬಸ್ಸಿನ ಕಿಟಕಿ ಪಕ್ಕ ಕೂತೆ. ಏನದು ಎಂದು ಕಂಡಕ್ಟರ್ ಕೇಳಿದ; ನಮ್ಮಕ್ಕ ಎಂದೆ. ಹೊಸನಗರದವರೆಗೆ ಪ್ರತಿ ತಿರುವಿನಲ್ಲೂ ಅವಳ ತಲೆಯನ್ನು ಕಿಟಕಿಯ ಕಡೆ ಎತ್ತಿ ಹಿಡಿದೆ. ಅವಳು ನೋಡದೆ ಉಳಿದದ್ದು ಆ ದಾರಿಯೇ. ಸಂಜೆಯ ಹೊತ್ತಿಗೆ ಹೊನ್ನೆಮರಡು ತಲುಪಿದೆ. ನಮ್ಮೂರನ್ನು ಮುಚ್ಚಿದ ನೀರು ಎದುರಿಗೆ ಸುಮ್ಮನೆ ಮಲಗಿತ್ತು. ದಡದಿಂದ ಸಾಕಷ್ಟು ಮೇಲೆ, ಎಷ್ಟು ನೀರು ಏರಿದರೂ ಅವಳ ಪಾದ ಒದ್ದೆಯಾಗದಂಥ ಜಾಗ ನೋಡಿ ಮಣ್ಣು ಮಾಡಿದೆ.