ಮಹಡಿ ಬೇಡವೆಂದ ಇಂಜಿನಿಯರಮ್ಮ

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಹಳೆಯ ಮನೆಯ ಮೇಲೆ ಮಹಡಿ ಎಬ್ಬಿಸುವ ಆಸೆ ಯಾರಿಗೆ ಹುಟ್ಟಿದರೂ ಇಂಜಿನಿಯರಮ್ಮನನ್ನು ಕರೆಯುತ್ತಿದ್ದರು. ಆಕೆ ಬಂದವರೇ "ಮೊದಲು ಪಾಯ ತೋರ್ಸಿ" ಎನ್ನುತ್ತಿದ್ದರು. ತೀರ್ಪು ಹೇಳುವ ತನಕ ಕಾಫಿ ಮುಟ್ಟುತ್ತಿರಲಿಲ್ಲ. ಕಾಫಿ ಕುಡಿದ ಬಾಯಲ್ಲಿ 'ಬೇಡ' ಎನ್ನುವುದು ಕಷ್ಟವೆಂಬುದು ಅವರ ಸಿದ್ಧಾಂತ.

ನನ್ನ ತಮ್ಮನಿಗೆ ಚಿಂತಾಮಣಿಯ ಸಂಬಂಧ ಕೂಡಿಬಂದಾಗ ಅವರು ನಮ್ಮ ಮನೆಗೂ ಚಿತ್ತೈಸಿದರು. ಮಹಡಿಯಲ್ಲಿ ಬೇರೆ ಕೋಣೆಯಾದರೆ ಮಾತ್ರ ಹೆಣ್ಣು ಕೊಡುವುದಾಗಿ ಹುಡುಗಿಯ ತಂದೆ ಹೇಳಿದ್ದರು. ಇಂಜಿನಿಯರಮ್ಮ ಮೂಲೆಯಲ್ಲಿ ಗುಂಡಿ ತೋಡಿಸಿ, ಸೆರಗು ಸಿಕ್ಕಿಸಿ ಮೊಣಕಾಲೂರಿ, ಪಾಯದ ಕಲ್ಲುಗಳ ನಡುವಿನ ಮಣ್ಣನ್ನು ಬೆರಳಿನಿಂದ ಕೆರೆದರು. ಅದು ರಾಗಿಹಿಟ್ಟಿನಂತೆ ಉದುರಿತು.

"ಬೇಡ ಅಣ್ಣ. ಈ ಪಾಯ ಮೇಲಿರೋ ಚಪ್ಪಡಿ ಕಲ್ಲು ಹೊತ್ತಿರೋದೇ ಜಾಸ್ತಿ."

"ನಮ್ಮ ತಾತ ಕಟ್ಟಿದ್ದು ಕಣಮ್ಮ! ಆನೆ ಹತ್ತಿ ನಿಂತ್ರೂ ಅಲ್ಲಾಡಲ್ಲ," ಎಂದರು ಅಪ್ಪ.

"ಆನೆ ಇಳಿದು ಹೋಗ್ತದಣ್ಣ. ಮಹಡಿ ಇಳಿಯಲ್ಲ."

ಅಪ್ಪ ಕೆಲವು ದಿನ ಗೋಡೆಗಳನ್ನು ತಟ್ಟಿ ತಟ್ಟಿ ನೋಡಿ, ಕೊನೆಗೆ ಮಹಡಿಯನ್ನು ಕೈಬಿಟ್ಟರು. ಸಂಬಂಧವೂ ಕೈಬಿಟ್ಟುಹೋದಂತೆಯೇ ಎಂದು ಅಮ್ಮ ಕಣ್ಣೊರೆಸಿಕೊಂಡಳು. ಸುದ್ದಿ ತಿಳಿದ ಇಂಜಿನಿಯರಮ್ಮ, ಯಾರೂ ಕರೆಯದಿದ್ದರೂ, ಮಹಡಿ ಆಗದೆಂದು ತಿಳಿಸಲು ಹೊರಟ ನಮ್ಮೊಡನೆ ಚಿಂತಾಮಣಿಯ ಬಸ್ಸು ಹತ್ತಿದರು. ಹುಡುಗಿಯ ತಂದೆಯೆದುರು ಕೂತು, ಕೋರ್ಟಿನ ಸಾಕ್ಷಿಯ ಗಾಂಭೀರ್ಯದಲ್ಲಿ ನುಡಿದರು:

"ಆ ಮನೆ ಮಹಡಿ ತಡೆಯಲ್ಲ ಸ್ವಾಮಿ, ನಿಜ. ಆದ್ರೆ ನಾನು ಬೇಡ ಅಂದಿದ್ದಕ್ಕೆ ನಿಲ್ಲಿಸ್ದೋರು ನಮ್ಮ ಬೀದೀಲಿ ಇವರೊಬ್ಬರೇ. ಹೇಳಿದ್ದು ಕೇಳೋ ಜನ. ಧೈರ್ಯವಾಗಿ ಹೆಣ್ಣು ಕೊಡಿ."

ಹುಡುಗಿಯ ತಂದೆ ನಮ್ಮಪ್ಪನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಎಲೆ ಅಡಿಕೆ ತಟ್ಟೆ ತಗೊಂಡ್ಬಾಮ್ಮ," ಎಂದು ಕೂಗಿದರು.